ಎಂಟು ನಿಮಿಷ, ಎರಡು ಬಾಗಿಲು

ಟರ್ರ್, ಮತ್ತೆ ಟರ್ರ್, ಮತಕ್ಕೆ ಕರೆಯುವ ಗಂಟೆಯಲ್ಲ ಇದು, ಹಲ್ಲು ಕೊರೆಯುವ ಯಂತ್ರ, ಲಂಡನ್ನಿನ ಈ ಸಂಸತ್ತಿನ ಗೋಡೆಗೋಡೆಯನ್ನೂ ಕೊರೆಯುತ್ತಿದೆ, ಎಂಟೇ ನಿಮಿಷ, ಆಮೇಲೆ ಬಾಗಿಲು ಹಾಕುತ್ತಾರೆ, ಮೊರ್ವೆನಾ ಸದನದಿಂದ ಎದ್ದು ಬಂದಿದ್ದೇನೋ ಹೌದು, ಬಲಗಡೆಯ ಬಾಗಿಲು ಹೊಕ್ಕರೆ ವಿದೇಶಿ ನೆರವು ಸಂಸ್ಥೆ ಮುಚ್ಚಲು ಹೂಂ, ಎಡಗಡೆ ಹೊಕ್ಕರೆ ಊಹೂಂ, ಕೈಯೆತ್ತಿ ಮುಗಿಸುವ ಹಾಗಿಲ್ಲ, ಇಲ್ಲಿ ಕಾಲೇ ಮತ ಹಾಕಬೇಕು, ಕಾಲು ಮಾತ್ರ ನಡುವಿನ ಜಮಖಾನಕ್ಕೆ ಅಂಟಿಕೊಂಡಿದೆ — ಮಂತ್ರಿಗಳು ಈಗಷ್ಟೇ ಅವಳು ಬರೆದದ್ದನ್ನೇ ಓದಿ ಹೇಳಿದರಲ್ಲ, ಆ ಮೂಗಿನ ರಾಗದಲ್ಲಿ, ಮಾನ್ಯರೇ, ಇದು ನೆರವಲ್ಲಾ, ನೆರೇ, ನಮ್ಮ ಹಣದ ನೆರೇ, ಆದರೂ ಅಲ್ಲಿನ ಪಂಪಿನಲ್ಲಿ ಹನಿ ನೀರಿಲ್ಲಾ, ಹೇಳಿದ್ದು ನಾನಲ್ಲಾ, ನಮ್ಮದೇ ಪಕ್ಷದ ಸದಸ್ಯೆ, ಆ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದಾಗ ಬರೆದ ವರದಿ — ಸದನವೆಲ್ಲ ಗೊಳ್ಳೆಂದಿತು, ಅವಳೂ ನಕ್ಕಳು, ಥೂ, ಯಾಕಾದರೂ ನಕ್ಕಳೋ, ಮುಂದಿನ ಸಾಲು ಓದಲೇ ಇಲ್ಲ ಪುಣ್ಯಾತ್ಮ, ವಾಷರ್ ಸವೆದಿದೆ, ಒಂದು ವಾಷರ್ ಕಳಿಸಿ, ಅಷ್ಟೇ ಇದ್ದದ್ದು, ಕಳಿಸಿದರು ಕೂಡ, ಹನ್ನೊಂದು ತಿಂಗಳಿಗೆ, ಒಂಬತ್ತು ಸಹಿ ಬಿದ್ದ ಮೇಲೆ, ಅಳತೆ ತಪ್ಪಿದ್ದು, ಹಾಗಾದರೆ ಮುಚ್ಚಲಿ ಬಿಡು, ಮುಚ್ಚಿದರೆ ಅಳತೆ ತಪ್ಪಿದ್ದೂ ಬರುವುದಿಲ್ಲವಲ್ಲ — ಆಫ್ರಿಕಾದ ಮಲಾವಿಯ ಆ ಹಳ್ಳಿಯಲ್ಲಿ ತಿಯಾಮಿಕೆ ಎಂಬಾಕೆ ದಿನಾ ಬೆಳಿಗ್ಗೆ ಒಣ ಪಂಪು ಒತ್ತುತ್ತಾಳೆ, ಮೇಲೆ, ಕೆಳಗೆ, ಕಿರ್ರ್, ನೀರು ಬರಲ್ಲ ಅಂತ ಗೊತ್ತಿದ್ದೂ ಯಾಕಮ್ಮಾ ಒತ್ತುತ್ತೀಯ ಎಂದು ಇವಳು ಕೇಳಿದ್ದಕ್ಕೆ, ಒತ್ತದೇ ಸುಮ್ನಿದ್ರೆ ಇದು ಕೆಟ್ಟಿದೆ ಅನ್ನೋದನ್ನೇ ನೀವು ಮರ್ತುಬಿಡ್ತೀರಲ್ಲಾ ಅಮ್ಮಾ — ಏನ್ ವೆನಾ, ಫೋಟೋ ತೆಗೆಸ್ಕೊಳ್ಳೋಕೆ ನಿಂತಿದೀಯಾ, ಹ್ಯಾಮಿಶ್, ಪಕ್ಷದ ಸಚೇತಕ, ಮಂದೆ ಕಾಯುವವನಂತೆ ಬಲಬಾಗಿಲಲ್ಲಿ ನಿಂತಿದ್ದಾನೆ, ಬಾರಮ್ಮಾ ಈ ಕಡೆ, ಆ ಕಡೆ ಹೋದ್ಯೋ, ನಾಳೆಯಿಂದ ನೀನು ಪಕ್ಷದವಳಲ್ಲ, ಮುಂದಿನ ಸಲ ಟಿಕೆಟ್ಟೂ ಇಲ್ಲ, ಕ್ಯಾಂಟೀನಲ್ಲಿ ಟೀ ಕೂಡ ಒಬ್ಳೇ ಕುಡೀಬೇಕು, ನಗುತ್ತಾನೆ, ಕಣ್ಣು ನಗುವುದಿಲ್ಲ, ಇಪ್ಪತ್ತು ವರ್ಷ ಮನೆಮನೆ ಬಾಗಿಲು ತಟ್ಟಿ ಗಳಿಸಿದ ಜಾಗ, ಒಂದು ವಾಷರಿಗೆ ಕೊಡುವುದೇ, ಒಳಗಿದ್ದರೆ ತಾನೆ ಏನಾದರೂ ಮಾಡಲಾಗುವುದು, ಏನು ಮಾಡಿದಳು, ನಕ್ಕಳು, ಹೋಗುತ್ತಾಳೆ, ಎಡಕ್ಕೇ ಹೋಗುತ್ತಾಳೆ, ಈಗ, ಈ ಗಂಟೆಯೊಂದು ನಿಂತರೆ — ನಿಂತಿತು. ಬಾಗಿಲು ಹಾಕೀ, ಎಂದು ಯಾರೋ ಕೂಗಿದರು, ಬಲಗಡೆ ದಢಾರ್, ಎಡಗಡೆ ದಢಾರ್, ಹ್ಯಾಮಿಶ್ ಒಳಗೆ, ಎಲ್ಲರೂ ಒಳಗೆ, ಜಮಖಾನದ ಮೇಲೆ ಅವಳೊಬ್ಬಳೇ, ಹೊರಟಿದ್ದೆ ಕಣೋ, ಎಡಕ್ಕೇ ಹೊರಟಿದ್ದೆ, ಎಂದು ಹೇಳಲು ಎದುರಿಗೆ ಮುಚ್ಚಿದ ಮರದ ಬಾಗಿಲು, ಅದರಾಚೆ ತಲೆ ಎಣಿಸುತ್ತಿದ್ದಾರೆ, ಹೂಂಗಳನ್ನು, ಊಹೂಂಗಳನ್ನು, ಅವಳು ಯಾವುದರಲ್ಲೂ ಇಲ್ಲ, ಕಿರ್ರ್, ತಿಯಾಮಿಕೆಯ ಕೈ, ಮೇಲೆ, ಕೆಳಗೆ, ನೀರಿಲ್ಲ, ಮೇಲೆ, ಕೆಳಗೆ, ಮೇಲೆ —