ಸಹಜಾ ಎಂಬ ಹೆಸರಿನವರು

ಫ್ಯಾನಿನ ಗಾಳಿಗೆ ಇಂಚರಳ ಕೂದಲು ಕಂಪ್ಯೂಟರಿನ ಪರದೆಯ ಮುಂದೆ ಹಾರಾಡುತ್ತಿದೆ, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು, ಅಪ್ಪಂಗೆ ಫೋನ್ ಮಾಡೋಣ್ವಾ ಅಮ್ಮ ಎನ್ನುತ್ತಾಳೆ ಮಗಳು, ಮಾಡೋಣ ಇರೆ, ಹೊಳೆನರಸೀಪುರದ ಬಸ್ಸಿಗೆ ಇನ್ನೂ ಹೊತ್ತಿದೆ, ಹಾಸನದ ಬಿಸಿಲು ಬ್ರೌಸಿಂಗ್ ಸೆಂಟರಿನ ಹಲಗೆ ಸಂದಿಯಿಂದ ನುಸುಳಿ ನನ್ನ ಮೊಣಕಾಲ ಮೇಲೆ ಬಿದ್ದಿದೆ, ಸುಮ್ನೆ ಯಾಕೆ ಕೂತ್ಕೊಳ್ಳೋದು, ನಿನ್ನ ಹೆಸರು ಹುಡುಕ್ತೀನಿ, ವಸಂತಾ ಅಂತ ಹಾಕ್ಲಾ – ಬೇಡ, ಸಹಜಾ ಅಂತ ಹಾಕು. ಅಂದುಬಿಟ್ಟೆ. ಇಷ್ಟು ವರ್ಷ ಒಳಗೇ ಇದ್ದದ್ದು ಬಾಯಿಗೆ ಬಂದೇಬಿಟ್ಟಿತು, ಅದ್ಯಾರಮ್ಮ, ನಾನೇ ಕಣೆ, ಮದುವೆಗೆ ಮೊದಲು. ಅವಳ ಬೆರಳು ಕೀಲಿಗಳ ಮೇಲೆ ನಿಂತವು, ನನ್ನನ್ನು ನೋಡಿದಳು, ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೋಡುವ ಹಾಗೆ.

ಮೊದಲು ಬಂದದ್ದೆಲ್ಲ ಯೋಗ, ಧ್ಯಾನ, ಆಮೇಲೆ ಮನುಷ್ಯರು, ಪುಣೆಯಲ್ಲೊಬ್ಬಳು ಹಲ್ಲಿನ ಡಾಕ್ಟರ್, ಕೇರಳದ ಕಾಲೇಜೊಂದರಲ್ಲಿ ಖೋಖೋ ಆಡುವವಳೊಬ್ಬಳು, ಅವಳ ಫೋಟೊ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿದೆ, ಮೊದಲು ಹಣೆ, ಆಮೇಲೆ ಕಣ್ಣು, ಯಾರ ಹಾಗೂ ಇಲ್ಲ, ಆದರೂ ಕೆನ್ನೆ ಮುಟ್ಟಬೇಕು ಅನ್ನಿಸುತ್ತದೆ, ಊಟಕ್ಕೆ ಬಾರೇ ಅಂತ ನಿನ್ನನ್ನು ಆ ಹೆಸರಿನಿಂದ ಯಾರು ಕೂಗುತ್ತಾರೆ, ಕೂಗಿದಾಗ ಬೇಜಾರು ಮಾಡಿಕೊಳ್ತೀಯಾ, ಮಾಡಿಕೋಬೇಡ ತಾಯಿ. ಅಮ್ಮ ಇಲ್ನೋಡು, ದೊಡ್ಡಗದ್ದವಳ್ಳಿ ಅಂತೆ, ದೇವಸ್ಥಾನ ಕಟ್ಟಿಸಿದವಳಂತೆ, ಹಳೇ ಕಾಲದವಳು – ಗೊತ್ತು ಪುಟ್ಟಿ, ಅವಳು ಗೊತ್ತು, ನನ್ನಪ್ಪ ಅರಕಲಗೂಡಿನ ಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದ ಮೇಷ್ಟ್ರು, ನನ್ನ ಹೆತ್ತು ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ, ಲಂಗ ಹಾಕುವ ವಯಸ್ಸಿನಲ್ಲಿ ಅಪ್ಪ ಅಲ್ಲಿಗೆ ಕರೆದುಕೊಂಡು ಹೋಗಿದ್ದರು, ಇದನ್ನ ವರ್ತಕನೊಬ್ಬ ಹೆಂಡತಿ ಜೊತೆ ಸೇರಿ ಕಟ್ಟಿಸಿದ್ದು ಮಗು, ಸಹಜಾದೇವಿ, ನಿನಗೆ ಅವಳ ಹೆಸರೇ ಇಟ್ಟೆ. ಕೆರೆ ಏರಿಯ ಮೇಲೆ ಮೇಕೆ ಮೇಯಿಸುತ್ತಿದ್ದ ಬೆಟ್ಟಮ್ಮ ಎಂಬ ಮುದುಕಿ ಕೇಳಿಸಿಕೊಂಡು ನಕ್ಕಿದ್ದಳು, ಅಂಗಾರೆ ಈ ಗುಡಿ ನಿಂದೇಯ ಕಣವ್ವ, ಒಳೀಕ್ ಓಗು, ಯಾಕ್ ನಾಚ್ಕತೀಯ. ನಾಚಿಕೆಯಲ್ಲ, ಹೆಮ್ಮೆ, ಬಾಗಿಲ ಕಲ್ಲಿಗೆ ಕೆನ್ನೆ ಒತ್ತಿ ಒಳಗೆ ಹೋಗಿದ್ದೆ.

ಧಾರೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿದರು, ಉಂಗುರದ ತುದಿಯಿಂದ ಇವರು ವಸಂತಾ ಅಂತ ಬರೆದರು, ಇವರ ಅಕ್ಷರ ಚೆನ್ನಾಗಿತ್ತು, ಇವರು ಕೆಟ್ಟವರಲ್ಲ, ಜಾತಕಕ್ಕೆ ಆಗಿಬರಬೇಕು ಅಂತ ಅತ್ತೆ ಪಾರ್ವತಮ್ಮನವರೇ ಆರಿಸಿದ ಹೆಸರು. ಅಷ್ಟರಲ್ಲಿ ಅಪ್ಪನಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಗಿತ್ತು, ಭಾನುವಾರ ಬಸ್ಸಿಳಿದು ಬೀದಿಯ ತುದಿಯಿಂದಲೇ ಸಹಜಾ ಅಂತ ಕೂಗಿಕೊಂಡು ಬರುತ್ತಿದ್ದರು, ನಾನು ಒಲೆ ಮೇಲಿನ ಹಾಲು ಬಿಟ್ಟು ಓಡುತ್ತಿದ್ದೆ, ಒಂದು ದಿನ ಅತ್ತೆ ಬಾಗಿಲಲ್ಲೇ ತಡೆದರು, ನೋಡಿ ಬೀಗರೇ, ಆ ಹೆಸರು ಈ ಮನೇಲಿ ಕೂಗ್ಬೇಡಿ, ನನ್ನ ಮಗನಿಗೆ ಒಳ್ಳೇದಲ್ಲ ಅಂತ ಜೋಯಿಸರು ಹೇಳಿದಾರೆ. ಅಪ್ಪ ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಬಿಟ್ಟಿರಲಿಲ್ಲ, ಆಗ್ಲಿ ತಾಯಿ, ಆಗ್ಲಿ ಅಂದರು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ.

ಮುಂದಿನ ಸಲ ಬಂದಾಗ ಇಂಚರಾ, ನೀನು ತೊಟ್ಟಿಲಲ್ಲಿ, ನಾನು ತೂಗುತ್ತಾ ಇದ್ದೆ, ಹೊರಗೆ ಯಾರೋ ಕೆಮ್ಮಿದರು, ಆಮೇಲೆ ವಸಂತಾ, ಮೆಲ್ಲಗೆ, ವಸಂತಾ ಇದೀಯೇನಮ್ಮ, ಯಾರೋ ಪರರು ಅಂದುಕೊಂಡೆ, ಏಳಲೇ ಇಲ್ಲ, ತೂಗುತ್ತಲೇ ಇದ್ದೆ, ಇನ್ನೊಮ್ಮೆ ಕರೆದಾಗ ತಲೆ ಎತ್ತಿದರೆ ಹೊಸ್ತಿಲಾಚೆ ಅಪ್ಪ, ಮೇಲಿನ ಹಲ್ಲಿಗೆ ಕೆಳತುಟಿ ತಾಗಿಸಿ, ಮತ್ತೊಮ್ಮೆ ವ ಅನ್ನಲು ಹೊರಟ ಹಾಗೆ, ಕಣ್ಣು ನೆಲದ ಮೇಲೆ. ನಿನ್ನನ್ನು ಎತ್ತಿಕೊಂಡು ಆಡಿಸಿದರು, ಮತ್ತೆ ಬರಲಿಲ್ಲ, ದೀಪಾವಳಿಗೆ ಮೊದಲೇ ಚನ್ನರಾಯಪಟ್ಟಣದ ಬಾಡಿಗೆ ಮನೆಯಲ್ಲಿ ಹೋಗಿಬಿಟ್ಟರು.

ಅಮ್ಮ ಯಾಕೆ ಅಳ್ತಿದೀಯ, ಇಲ್ಲ ಕಣೆ, ತಾತ ನಿನ್ನ ಹೇಗೆ ಕರೀತಿದ್ರು, ಕರೆದು ತೋರ್ಸು. ಕಣ್ಣು ಮುಚ್ಚುತ್ತೇನೆ, ಬೀದಿಯ ತುದಿಯ ಆ ದನಿಗೆ ಕಿವಿ ಕೊಡುತ್ತೇನೆ, ಸಹಜಾ, ಇನ್ನೊಂದು ಸಲ ಕೇಳಿಸಲಿ, ಪುಣೆಯವಳೇ, ಕೇರಳದವಳೇ, ಗುಡಿಯವಳೇ, ನಿಮಗಾದರೂ ಕೇಳಿಸಿತಾ, ನನಗೆ ಕೇಳಿಸುತ್ತಿಲ್ಲ, ಅಪ್ಪ ಬಾಯಿ ತೆರೆಯುತ್ತಾರೆ, ಸ ಅನ್ನುವ ಹಾಗೆಯೇ ತೆರೆಯುತ್ತಾರೆ, ತಡೆಯುತ್ತಾರೆ, ಹೊಸ್ತಿಲಾಚೆ, ಕೆಳತುಟಿ ಮೇಲಿನ ಹಲ್ಲಿಗೆ, ಮತ್ತೆ ಕೆಳತುಟಿ ಮೇಲಿನ ಹಲ್ಲಿಗೆ –