ಕಿಯಾರಾ ಎಂದರೆ ಕಪ್ಪು

"ಯಾರದು, ಅಲ್ಲಿ ಉಸಿರು ಬಿಡ್ತಿರೋದು?"

ಸ್ವರ್ಣಲತಾ ಕೇಳಿದ್ದು ಕಿಟಕಿಯನ್ನು. ಬಾಣಂತಿ ಕೋಣೆಯಲ್ಲಿ ಅವಳೂ ತೊಟ್ಟಿಲ ಕೂಸೂ ಬಿಟ್ಟರೆ ಇನ್ನಾರೂ ಇರಲಿಲ್ಲ. ಅತ್ತೆ ರಂಗಮ್ಮ ದೇವರ ಮುಂದೆ ದೀಪಕ್ಕೆ ಎಣ್ಣೆ ಬಿಡುತ್ತಿದ್ದರು. ಗಂಡ ಕಾಂತೇಶ್ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಶೆಟ್ಟಿಹಳ್ಳಿಯ ಆ ಬೀದಿಯಲ್ಲಿ ಸಂಜೆಯ ಸ್ಕೂಟರುಗಳ ಸದ್ದು ತಗ್ಗಿ, ದೀಪ ಹಚ್ಚುವ ಹೊತ್ತಿನ ಮೌನ ಬಂದು ಕೂತಿತ್ತು. ಆ ಮೌನದೊಳಗೆ, ಕಿಟಕಿಯಾಚೆ, ಯಾವುದೋ ಮೂಗು ದೀರ್ಘವಾಗಿ ಉಸಿರು ಬಿಟ್ಟಿತು. ಮನುಷ್ಯರ ಉಸಿರಿಗೆ ಅಷ್ಟು ಉದ್ದವಿರುವುದಿಲ್ಲ.

ಎದ್ದು ಹೋಗಿ ನೋಡಿದಳು. ಕಾಂಪೌಂಡಿನ ಗೇಟಿಗೆ ಹಾಕಿದ ಚಿಲಕ ಹಾಕಿದಂತೆಯೇ ಇತ್ತು. ಆದರೆ ಬೇಸಿಗೆಯ ಆ ಸೆಖೆಯಲ್ಲೂ ಗಾಜಿನ ಹೊರಮೈಗೆ ಆವಿ ಕಟ್ಟಿತ್ತು. ದೃಷ್ಟಿಗೆಂದು ಕಂಬಿಗೆ ಸಿಕ್ಕಿಸಿದ್ದ ಬೇವಿನ ಸೊಪ್ಪನ್ನು ಏನೋ ತೊಟ್ಟಿನವರೆಗೂ ಕಚ್ಚಿ ತಿಂದಿತ್ತು.

"ಬೀದಿ ದನ ಕಣವ್ವ," ಎಂದರು ರಂಗಮ್ಮ, ದೀಪದ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ.

"ಗೇಟು ಹಾಕೈತೆ ಅತ್ತೆ."

"ಹಂಗಾರೆ ಯಾವ್ದೋ ಮೇಕೆ ಹಾರ್ಕೊಂಡು ಬಂದೈತೆ."

"ಮೇಕೆ ಬಾಯಿ ಇಷ್ಟೆತ್ತರಕ್ಕೆ ಎಟುಕ್ತದಾ?"

"ಬಾಣಂತಿ ನೀನು, ಎಲ್ಲಾದಕ್ಕೂ ತಕರಾರು ತೆಗೀಬ್ಯಾಡ. ಕಿವೀಗೆ ಹತ್ತಿ ಇಟ್ಕಂಡು ಮಲಿಕ್ಕೊ. ಗಾಳಿ ಸದ್ದೆಲ್ಲ ಮಾತಾಡ್ದಂಗೆ ಕೇಳ್ತದೆ ಈ ಟೈಮಲ್ಲಿ."

ಗಾಳಿಯೇ ಇರಲಿಲ್ಲ. ಆದರೆ ಸ್ವರ್ಣಲತಾಳಿಗೆ ಹೊರಗಿನ ಉಸಿರಿಗಿಂತ ಒಳಗಿನದರ ಚಿಂತೆ ದೊಡ್ಡದಾಗಿತ್ತು. ನಾಮಕರಣವಾದ ದಿನದಿಂದ ಕೂಸು ಸರಿಯಾಗಿ ಹಾಲು ಕುಡಿದಿರಲಿಲ್ಲ. ಎದೆಗಿಟ್ಟರೆ ಮುಖ ತಿರುಗಿಸುತ್ತಿತ್ತು, ಯಾವಾಗಲೂ ಕಿಟಕಿಯ ಕಡೆಗೆ. ಡಾಕ್ಟರು ನಾಲಿಗೆ ನೋಡಿ, ಎದೆಬಡಿತ ಕೇಳಿ, ಏನೂ ತೊಂದರೆಯಿಲ್ಲ ಎಂದು ಕಳಿಸಿದ್ದರು. ಕೂಸಿನ ತೊಡೆಯ ಮಡಿಕೆಗಳು ಮಾತ್ರ ಬಿಚ್ಚಿಕೊಂಡು ಸಡಿಲವಾಗುತ್ತಿದ್ದವು.

ಹೆಸರು ಹುಡುಕಿದ್ದು ನಾದಿನಿ ದಾಕ್ಷಾಯಣಿ. ಮೃಗಶಿರಾ ನಕ್ಷತ್ರ, ಕಿ ಅಕ್ಷರದಿಂದ ಇಡಿ ಎಂದು ಪುರೋಹಿತರು ಹೇಳಿದ ಮೇಲೆ, ನಿಟ್ಟೂರಿನಿಂದ ಬಂದವಳು ಊಟದ ಎಲೆ ಮುಂದೆಯೂ ಫೋನು ಕೆಳಗಿಟ್ಟಿರಲಿಲ್ಲ.

"ಐರ್ಲೆಂಡ್ ದೇಶದ ಹೆಸರುಗಳು ಅತ್ತಿಗೆ, ಒಂದೊಂದಕ್ಕೂ ಅರ್ಥ ಕೊಟ್ಟವ್ರೆ ನೋಡಿ. ಏಡನ್ ಅಂದ್ರೆ ಪುಟ್ಟ ಬೆಂಕಿ. ನೀವ್ ಅಂತ ಒಂದು ಹೆಸ್ರು, ಅಂದ್ರೆ ಹೊಳಪು. ಓರ್ಲಾ ಅಂದ್ರೆ ಚಿನ್ನದ ರಾಜಕುಮಾರಿ."

"ಚಿನ್ನ ಇವಳಮ್ಮನ ಹೆಸ್ರಲ್ಲೇ ಐತಲ್ಲ, ಇನ್ನೂ ಬೇಕಾ?" ಎಂದಿದ್ದರು ರಂಗಮ್ಮ.

"ಇದು ಕೇಳವ್ವ. ಆ ಕಾಲ್ದಲ್ಲಿ ಅಲ್ಲಿಯವ್ರು ಕೂದಲ ಬಣ್ಣ ನೋಡಿ ಹೆಸ್ರಿಡ್ತಿದ್ರಂತೆ. ಕೆಂಪು ಕೂದಲಿದ್ರೆ ರೋವನ್. ಕಪ್ಪಿದ್ರೆ ಗಂಡಿಗೆ ಕಿಯರಾನ್, ಹೆಣ್ಣಿಗೆ ಕಿಯಾರಾ."

"ಅಯ್ಯೋ, ಅಷ್ಟು ದೂರ ಯಾಕೆ ಹೋದ್ಯೇ? ನಮ್ಮೂರ ಕೆಂಚಯ್ಯ, ಕರಿಯಮ್ಮ ಅವ್ರೇ ತಾನೆ! ಕರಿಯಮ್ಮ ಅಂದ್ರೆ ಮೂಗು ಮುರೀತಿದ್ರಿ, ಕಿಯಾರಾ ಅಂದ್ರೆ ಕುಣೀತೀರ."

ಎಲ್ಲರೂ ನಕ್ಕಿದ್ದರು. ಕೂಸಿನ ತಲೆ ತುಂಬ ಕಪ್ಪು ಕೂದಲಿತ್ತು. ಹೆಸರು ನಿಂತಿತು. ಸೋದರತ್ತೆಯಾಗಿ ದಾಕ್ಷಾಯಣಿಯೇ ತೊಟ್ಟಿಲಿಗೆ ಬಾಗಿ, ಶಾಸ್ತ್ರಕ್ಕೆಂದು ಬೆನ್ನಿಗೆ ಬೀಳುವ ಗುದ್ದುಗಳಿಗೆ ನಗುತ್ತ, ಕೂಸಿನ ಕಿವಿಗೆ ಬಾಯಿಟ್ಟು ಮೂರು ಸಲ ಕರೆದಳು. ಮೂರನೆಯ ಸಲಕ್ಕೆ ಕೂಸು ಕಣ್ಣು ಬಿಟ್ಟಿತು. ನೋಡಿದ್ದು ಸೋದರತ್ತೆಯ ಮುಖವನ್ನಲ್ಲ, ಕಿಟಕಿಯನ್ನು.

ಅಂದು ಸ್ವರ್ಣಲತಾಳ ಅಪ್ಪ ಗಂಗಹನುಮಯ್ಯ ಬಂದಿರಲಿಲ್ಲ. ಮಂಡಿ ಊದಿಕೊಂಡು ಬಸ್ಸು ಹತ್ತಲಾಗದೆ ಕುಣಿಗಲ್ಲಿನಲ್ಲೇ ಉಳಿದಿದ್ದರು. ಹುಟ್ಟಿದಾಗ ಮಾತ್ರ ಬಂದು, ತಾವು ಬಹುಕಾಲ ಹೊದ್ದು ಮೆತ್ತಗಾಗಿದ್ದ ಕಂಬಳಿಯಲ್ಲಿ ಒಂದು ತುಂಡು ಕತ್ತರಿಸಿ ಕೊಟ್ಟು ಹೋಗಿದ್ದರು. ಹೆಸರಿಡುವ ತನಕ ಕೂಸಿಗೆ ಹೊಸ ಬಟ್ಟೆ ಸೋಕಿಸಬಾರದು, ಬಾಳಿದ ಹಿರಿಯರ ಹಳೇ ಬಟ್ಟೆಯಲ್ಲೇ ಸುತ್ತಬೇಕು ಎಂಬುದು ರಂಗಮ್ಮನ ಕಡೆಯ ನೇಮ. ನೇಮದ ದಿನಗಳು ಕಳೆದರೂ ಕೂಸು ಆ ತುಂಡು ಬಿಟ್ಟು ಮಲಗುತ್ತಿರಲಿಲ್ಲ.

ಬೇವಿನ ಸೊಪ್ಪು ಹೋದ ಮಾರನೆಯ ಸಂಜೆ ಗಂಗಹನುಮಯ್ಯ ಕುಂಟುತ್ತ ಬಂದರು. ಒಂದು ಕಾಲದಲ್ಲಿ ಕುಣಿಗಲ್ ಸೀಮೆಯ ಕುದುರೆ ಲಾಯಗಳಲ್ಲಿ ಅವರ ಕೈ ಸೋಕದ ಮರಿಯಿರಲಿಲ್ಲ. ಕಾಲು ತೊಳೆದು ಒಳಗೆ ಬಂದವರು ತೊಟ್ಟಿಲಿಗೆ ಬಾಗಿದರು.

"ಏನಂತ ಕರುದ್ರಿ ನನ್ನ ಮೊಮ್ಮಗಳ್ನ?"

"ಕಿಯಾರಾ," ಎಂದಳು ಮಗಳು.

ತೊಟ್ಟಿಲ ಹಗ್ಗ ಹಿಡಿದಿದ್ದ ಅವರ ಕೈ ಅಲ್ಲೇ ನಿಂತಿತು.

"ಏನ್ ಬೀಗರೇ, ನೀವೂ ಕರಿಯಮ್ಮ ಅಂತ ನಗ್ತೀರೇನೋ ಅನ್ಕಂಡ್ರೆ!" ಎಂದರು ರಂಗಮ್ಮ, ಕಾಫಿ ಲೋಟ ಚಾಚುತ್ತ.

ಗಂಗಹನುಮಯ್ಯ ನಗಲಿಲ್ಲ. ಕಾಫಿಯನ್ನು ಕೆಳಗಿಟ್ಟು, ಹಾಗೇ ನೆಲದ ಮೇಲೆ ಕೂತರು.

"ಆ ಹೆಸ್ರು ನಂಗೊತ್ತು ಬೀಗ್ತಿ. ಐರ್ಲೆಂಡಿಂದ ಬಂದಿತ್ತು ಒಂದು ಹೆಣ್ಣು ಕುದುರೆ, ಕಾಡಿಗೆ ಬಳ್ದಂಗೆ ಕಪ್ಪು. ಜತೇಲಿ ಬಂದ ಆ ದೇಶದ ಆಳು ಹೇಳಿದ್ದ, ಹೆಸ್ರಿಗೆ ಕಪ್ಪು ಅಂತ ಅರ್ಥ, ಕಿವಿ ಹತ್ರ ಬಾಯಿಟ್ಟು ಮೂರು ಸಲ ಕರೀರಿ, ಎಲ್ಲಿದ್ರೂ ಬತ್ತಾಳೆ ಅಂತ. ಹಂಗೇ ಬರೋಳು, ಕತ್ಲಲ್ಲೂ."

ಸ್ವರ್ಣಲತಾ ಕೂಸನ್ನು ಎತ್ತಿಕೊಂಡಳು. ಏಕೆಂದು ಅವಳಿಗೇ ತಿಳಿಯಲಿಲ್ಲ.

"ಈಯೋವಾಗ ಹೋಗ್ಬುಟ್ಳು ಮಗಾ. ಮರಿ ಎದ್ದು ನಿಂತು ಕೂಗ್ತು. ಇವಳು ಕತ್ತೆತ್ತಿ ಕೇಳುದ್ಲು. ಮೂಸಿ ನೆಕ್ಕೋಕೆ ಉಸಿರಿರ್ಲಿಲ್ಲ. ಅವಳ ಬೆನ್ನ ಮೇಲೆ ಹೊದಿಸಿದ್ದ ಕಂಬಳೀಲೇ ಮರಿ ಮೈ ಒರುಸ್ದೆ. ಅವತ್ತಿಂದ ಆ ಲಾಯದಲ್ಲಿ ಅವಳ ಹೆಸ್ರು ಯಾರೂ ಎತ್ತಲಿಲ್ಲ. ಮರಿ ಮೂಸ್ದೆ ಹೋದವಳ ಹೆಸ್ರು ಎತ್ತಬಾರ್ದು, ಹುಡಿಕ್ಕೊಂಡು ಬತ್ತಾಳೆ ಅನ್ನೋರು ಹಳಬರು."

"ಮರಿ?" ಎಂದಳು ಸ್ವರ್ಣಲತಾ.

"ಬದುಕ್ತು. ಮರಿ ಸತ್ತಿದ್ದ ಇನ್ನೊಂದು ಕುದುರೆಗೆ ಕಟ್ಟುದ್ವಿ. ಕುದುರೆ ಸುಮ್ಸುಮ್ನೆ ಒಪ್ಪಲ್ಲ ಮಗಾ, ಬೇರೇದರ ಮರಿ ಅಂತ ಗೊತ್ತಾದ್ರೆ ಒದ್ದು ಓಡಿಸ್ತದೆ. ಅದರ ಸತ್ತ ಮರಿ ಒರೆಸಿದ ಬಟ್ಟೇನ ಇದಕ್ಕೆ ಹೊದಿಸ್ಬೇಕು. ಮೂಸಿ, ತನ್ನದೇ ಅಂತ ಅನ್ನುಸ್ತೋ, ಆಮೇಕೆ ಪ್ರಾಣ ಹೋದ್ರೂ ಬುಡಲ್ಲ."

ರಂಗಮ್ಮನ ಮುಖದಿಂದ ನಗು ಇಳಿದುಹೋಗಿತ್ತು. ಕಿಟಕಿಯಾಚೆಯ ಉಸಿರನ್ನೂ ಬೇವಿನ ಸೊಪ್ಪು ಹೋದದ್ದನ್ನೂ ಬೀಗರಿಗೆ ಹೇಳಿದರು. "ಹೆಸ್ರು ಬದ್ಲಾಯ್ಸಿದ್ರಾಯ್ತು. ನಾಳೇನೇ ಪುರೋಹಿತರ್ನ ಕರೆಸ್ತೀನಿ."

"ಬದ್ಲಾಯ್ಸಿ. ಆದ್ರೆ ಬಂದವಳು ಹೆಸ್ರಿಗೆ ನಿಂತಿಲ್ಲ ಈಗ. ಮರಿಗೆ ನಿಂತವಳೆ."

ಆಗಲೇ ಬೆಳಕು ಕಂದತೊಡಗಿತ್ತು. ದೇವರ ಕೋಣೆಯ ದೀಪ ಗಾಳಿಯಿಲ್ಲದೆ ಒಮ್ಮೆ ಮಲಗಿ ಎದ್ದಿತು. ಕಿಟಕಿಯಾಚೆ ಉಸಿರು ಕೇಳಿತು, ಮೂವರಿಗೂ. ಗಾಜಿನ ಮೇಲೆ ಆವಿ ಹೂವಿನಂತೆ ಅರಳಿ, ಮೆಲ್ಲಗೆ ಕುಗ್ಗಿ, ಮತ್ತೆ ಅರಳಿತು. ಸಾಂಬ್ರಾಣಿಯ ಹೊಗೆಯನ್ನು ದಾಟಿ ಹಸಿ ಹುಲ್ಲಿನ, ಬೆವರಿದ ಚರ್ಮದ ವಾಸನೆ ಕೋಣೆಗೆ ಬಂತು. ಕೂಸು ತಾಯಿಯ ತೋಳಿನಲ್ಲಿ ಕತ್ತು ಹೊರಳಿಸಿ, ಹಾಲಿಗೆ ಬಾಯಿ ಚಾಚುವಂತೆ ಆ ಕಡೆಗೆ ಬಾಯಿ ಚಾಚಿತು.

ರಂಗಮ್ಮ ಗೋಡೆಗೆ ಒರಗಿ ರಂಗನಾಥನ ಹೆಸರು ಹೇಳತೊಡಗಿದರು. ಗಂಗಹನುಮಯ್ಯ ಮಾತ್ರ ಹೆದರಿದಂತೆ ಕಾಣಲಿಲ್ಲ. ಹಳೆಯ ಗುರುತಿನವರು ಬಂದರೆ ಏಳುವಂತೆ ಎದ್ದರು. ನಾಲಿಗೆಯನ್ನು ಅಂಗುಳಕ್ಕೆ ತಾಕಿಸಿ ಸಣ್ಣಗೆ ಲೊಚಗುಟ್ಟಿದರು. ಹೊರಗೆ ಉಸಿರು ನಿಂತಿತು. ಯಾವುದೋ ಭಾರ, ಮಣ್ಣಿನ ಮೇಲೆ, ಕಾಲು ಬದಲಾಯಿಸಿತು.

"ಬಾಳ ದಿನ ಕಾದವಳೆ, ಪಾಪ," ಎಂದರು. ಕಣ್ಣು ತುಂಬಿತ್ತು. "ಮಗಾ, ಕೂಸ್ನ ಕೊಡು ಇಲ್ಲಿ. ಕಿಟಕಿ ತೆಗ್ದು ಒಂದೇ ಒಂದ್ ಸಲ ತೋರುಸ್ತೀನಿ. ಮೂಸಿ ನೋಡ್ಲಿ. ಮನುಷ್ಯರ ಕೂಸು, ತನ್ನದಲ್ಲ ಅಂತ ಗೊತ್ತಾದ್ರೆ ಹೊಂಟೋಯ್ತಾಳೆ. ಅವಳ ಜಾತಿ ನಂಗೊತ್ತು, ಸುಳ್ಳಾಡಲ್ಲ."

"ಕೊಡವ್ವ," ಎಂದರು ರಂಗಮ್ಮ, ಹೇಳುತ್ತಿದ್ದ ಹೆಸರನ್ನು ಅರ್ಧಕ್ಕೇ ನಿಲ್ಲಿಸಿ. "ಬೀಗರಿಗೆ ಗೊತ್ತೈತೆ, ಕೊಟ್ಬುಡು."

ಕೊಡಬೇಕೆಂದೇ ಸ್ವರ್ಣಲತಾ ಮುಂದೆ ಹೆಜ್ಜೆಯಿಟ್ಟಳು. ಕೂಸನ್ನು ಎದೆಯಿಂದ ಬಿಡಿಸುವ ಮುಂಚೆ, ಬಿಟ್ಟಿರಲಾರದವರು ಮಾಡುವಂತೆ, ನೆತ್ತಿಗೆ ಮೂಗಿಟ್ಟಳು.

ಹಸಿ ಹುಲ್ಲು. ಬೆವರಿದ ಚರ್ಮ.

ಅದು ಕಿಟಕಿಯಿಂದ ಬಂದ ವಾಸನೆಯಲ್ಲ. ಕಂಬಳಿಯ ತುಂಡಿನಿಂದ ಏಳುತ್ತಿತ್ತು. ಅಪ್ಪನ ಹತ್ತಿರ ಇದ್ದದ್ದು ಒಂದೇ ಕಂಬಳಿ. ಲಾಯದಿಂದ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬಂದ ದಿನ ಅವರು ಅನ್ನ ಮುಟ್ಟಿರಲಿಲ್ಲ, ಆಮೇಲೆ ಬೇರೆ ಯಾವುದನ್ನೂ ಹೊದ್ದಿರಲಿಲ್ಲ. ಚಿಕ್ಕವಳಾಗಿದ್ದಾಗ ಅವಳೂ ಅದರೊಳಗೇ ಅಪ್ಪನ ಪಕ್ಕ ಮುದುಡಿ ಮಲಗಿದ್ದಳು. ಆ ಕಪ್ಪು ಕುದುರೆಯ ಬೆನ್ನ ಮೇಲಿದ್ದದ್ದು ಅದು. ಅವಳ ಮರಿಯ ಮೈ ಒರೆಸಿದ್ದೂ ಅದರಲ್ಲೇ.

ಸ್ವರ್ಣಲತಾ ಕಂಬಳಿಯನ್ನು ಕಿತ್ತು ನೆಲಕ್ಕೆ ಎಸೆದಳು. ಕೂಸಿನ ಬರಿಯ ಕತ್ತನ್ನು ಮೂಸಿದಳು, ಅಂಗೈಯನ್ನು ಮೂಸಿದಳು, ಬೆನ್ನನ್ನು ಮೂಸಿದಳು. ಹುಟ್ಟಿದಂದಿನಿಂದ ಸುತ್ತಿದ್ದ ಬಟ್ಟೆ. ಹಾಲಿನ ವಾಸನೆಯೂ ಇಲ್ಲ, ಎಣ್ಣೆ ಸೀಗೆಯ ವಾಸನೆಯೂ ಇಲ್ಲ. ಮೈಯೆಲ್ಲ ಅದೇ.

"ಯಾಕ್ ಮಗಾ?" ಗಂಗಹನುಮಯ್ಯ ಒಂದು ಕೈಯಲ್ಲಿ ಕಿಟಕಿಯ ಚಿಲಕ ಹಿಡಿದು, ಇನ್ನೊಂದು ಕೈ ಚಾಚಿ ನಿಂತಿದ್ದರು. ಅವರ ಹಿಂದೆ ಗಾಜಿನ ತುಂಬ ಆವಿ. "ಒಂದೇ ಸಲ ಅಂದ್ನಲ್ಲ. ಕೊಡು."

"ಕೊಡಲ್ಲ ಅಪ್ಪ," ಎಂದಳು ಸ್ವರ್ಣಲತಾ. "ಕೊಡಲ್ಲ."