ಪಾಳಿಯ ಮಂಚ

“ಕಟ್ಟಿಕೊಂಡ ಗಂಡ ಮಂಚದ ಯಾವ ಕಡೆ ಮಲಗ್ತಾನೆ ಅಂತ ಗೊತ್ತಿಲ್ಲ ಅಂದ್ರೆ ನೀನೆಂಥ ಹೆಂಡ್ತಿಯಮ್ಮ?”

“ಗೊತ್ತಿಲ್ಲ ಅಂತ ಎಲ್ಲಂದೆ ಸಾರ್? ನಟ್ಟನಡುವೆ ಅಂದೆ.”

“ಮತ್ತೆ ನೀನು?”

“ನಾನೂ ನಟ್ಟನಡುವೇನೆ.”

ವಲಸೆ ಕಚೇರಿಯ ಸಾಹೇಬ ಪೆನ್ನು ಕೆಳಗಿಟ್ಟ. ಅರ್ಧ ಗಂಟೆ ಮುಂಚೆ ಪಕ್ಕದ ಕೋಣೆಯಲ್ಲಿ ಅವಳ ಗಂಡನೂ ಇದನ್ನೇ ಹೇಳಿದ್ದ. ಇಬ್ಬರ ಉತ್ತರ ಹೊಂದಿದರೆ ಮದುವೆ ನಿಜ ಎಂದು ಸಾಹೇಬನ ಪುಸ್ತಕದಲ್ಲಿತ್ತು. ಹೊಂದಿದ ಉತ್ತರವೇ ತಲೆಬುಡ ಇಲ್ಲದ್ದಾದರೆ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ, ಪಾಪ.

ಅವಳು ದೊಡ್ಡ ಹೋಟೆಲೊಂದರಲ್ಲಿ ಇಸ್ತ್ರಿಯವಳು. ದಿನವೆಲ್ಲ ಜೋಡಿ ಹಾಸಿಗೆಯ ಚಾದರಗಳ ಸುಕ್ಕು ಬಿಡಿಸುತ್ತಾಳೆ. ಗಂಡ ಅಲ್ಲೇ ರಾತ್ರಿ ಪಾಳಿಯಲ್ಲಿ ನೆಲ ಒರೆಸುತ್ತಾನೆ. ಮಾಲೀಕ ಇಬ್ಬರಿಗೂ ಸೇರಿಸಿ ಕೊಟ್ಟದ್ದು ಒಂಟಿ ಮಂಚ. ಅವಳು ಎದ್ದು ಹೊರಡುವಾಗ ಅವನು ಬಂದು, ಹಾಸಿಗೆಯ ಬಿಸಿ ಆರುವ ಮುಂಚೆ ಬಿದ್ದುಕೊಳ್ಳುತ್ತಾನೆ. ನಾಲ್ಕು ವರ್ಷದ ಸಂಸಾರ ಬಾಗಿಲಲ್ಲಿ ನಿಂತೇ ನಡೆದಿದೆ. ಅವನಿಗೆ ಈ ದೇಶದಲ್ಲಿರಲು ಕಾಗದವಿದೆ. ಅವಳದು ಈ ತಿಂಗಳಿಗೆ ಮುಗಿಯುತ್ತದೆ. ಮದುವೆ ನಿಜವೆಂದು ಮೊಹರು ಬೀಳದಿದ್ದರೆ ಅವಳನ್ನು ವಿಮಾನ ಹತ್ತಿಸುತ್ತಾರೆ.

“ಈ ಮದುವೆ ಫೋಟೋದಲ್ಲಿ ಇಬ್ಬರೂ ನಗ್ತಾನೇ ಇಲ್ವಲ್ಲ?”

“ತಾಳಿ ಕಟ್ಟಿದ ಕೂಡ್ಲೇ ಕೆಲಸಕ್ಕೆ ಓಡ್ಬೇಕಿತ್ತು ಸಾರ್. ನಗೋಕೆ ಪುರುಸೊತ್ತೆಲ್ಲಿ?”

ಸಾಹೇಬ ಗಂಡನನ್ನೂ ಒಳಕ್ಕೆ ಕರೆಸಿದ. ರಾತ್ರಿ ಪಾಳಿ ಮುಗಿಸಿ ನೇರ ಬಂದವನು, ನಿಂತಲ್ಲೇ ತೂಕಡಿಸುತ್ತಿದ್ದ.

“ಕೇಳಿ ಇಬ್ಬರೂ. ನೀವು ಒಟ್ಟಿಗೆ ಮಲಗ್ತೀರಿ ಅನ್ನೋದಕ್ಕೆ ಪುರಾವೆ ಬೇಕು. ಕಣ್ಣಾರೆ ಕಂಡ ಸಾಕ್ಷಿ ಇರ್ಬೇಕು. ಇಲ್ಲಾಂದ್ರೆ ನೀನು ಗಂಟುಮೂಟೆ ಕಟ್ಟಮ್ಮ.”

“ನಮ್ಮಿಬ್ಬರಿಗೂ ಒಂದೇ ದಿನ ರಜೆ ಸಿಕ್ಕಿರೋದು ಇವತ್ತೇ ಸಾರ್. ಅದೂ ನಿಮ್ಮ ನೋಟೀಸು ತೋರಿಸಿದ್ದಕ್ಕೆ.”

“ಅದು ನನ್ನ ತಲೆನೋವಲ್ಲ.”

ಅವಳ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಬಿಟ್ಟಳು. “ಬನ್ರೀ ಇಲ್ಲಿ” ಎಂದು ಗಂಡನ ಕೈ ಹಿಡಿದೆಳೆದು, ಸಾಹೇಬನ ಮೇಜಿನ ಮುಂದಿನ ಜಮಖಾನದ ಮೇಲೆ ಮಲಗಿಸಿದಳು. ಪಕ್ಕದಲ್ಲಿ ತಾನೂ ಕಾಲು ಚಾಚಿದಳು.

“ಏಯ್! ಏನಿದು ಅಸಹ್ಯ? ಏಳ್ರೀ ಮೇಲೆ!”

“ಪುರಾವೆ ಸಾರ್. ಸಾಕ್ಷಿ ನೀವೇ. ಕಣ್ಣು ಬಿಟ್ಟು ನೋಡಿ, ಬರ್ಕೊಳ್ಳಿ.”

ಗಂಡ ಗಾಬರಿಯಿಂದ ಏಳಲು ನೋಡಿದ. ಆದರೆ ತಲೆ ನೆಲಕ್ಕೆ ತಾಗಿದ್ದೇ ತಡ, ರೆಪ್ಪೆಗಳು ಮುಚ್ಚಿಹೋದವು. ಗಳಿಗೆಯಲ್ಲಿ ಗೊರಕೆ ಶುರುವಾಯಿತು, ಮರ ಕೊಯ್ದಂತೆ. ಅವಳು ಬೆರಗಾದಳು. ತನ್ನ ಗಂಡ ಗೊರಕೆ ಹೊಡೆಯುತ್ತಾನೆ! ನಾಲ್ಕು ವರ್ಷ ಇದೊಂದನ್ನೂ ತಿಳಿಯಗೊಡದೆ ದುಡಿಸಿದರಲ್ಲ!

ಸಾಹೇಬ ಗಂಟೆ ಬಾರಿಸಿದ. ಕಾವಲುಗಾರ ಓಡಿಬಂದು, ಮಲಗಿದ್ದವನ ಕಾಲಿಗೆ ಕೈ ಹಾಕಿದ.

“ಮುಟ್ಟಿದ್ರೆ ಕೈ ಮುರೀತೀನಿ, ಬೋಳಿಮಗನೆ! ನನ್ನ ಗಂಡ ಮಲಗಿದಾರೆ!”

ಕಾವಲುಗಾರ ಹಿಂದೆ ಸರಿದು ಸಾಹೇಬನ ಮುಖ ನೋಡಿದ. ಅವಳು ಗಂಡನ ಎದೆಯ ಮೇಲೆ ಕೈ ಹಾಕಿ, ಮಗ್ಗುಲು ಬದಲಿಸಿ, ಕಣ್ಣು ಮುಚ್ಚಿಕೊಂಡಳು.